ಬೇಸಿಗೆ ರಜೆಯ ಕೊನೆಯ ದಿನಗಳು: ಇನ್ಸುಲಿನ್ ತೆಗೆದುಕೊಳ್ಳುವ ವಿದ್ಯಾರ್ಥಿಯ ದಿನಚರಿ

(ಹೊರರೋಗಿ ವಿಭಾಗದಲ್ಲಿ ಮಕ್ಕಳಿಗೂ ಪಾಲಕರಿಗೂ ಶುಶ್ರೂಷಾ ಶಿಕ್ಷಕಿಯವರು ನೀಡಿದ ಆರೋಗ್ಯ ತಿಳಿವಳಿಕೆ ಮಾತುಗಳ ಬರಹರೂಪ)



ಮೇ ತಿಂಗಳ ಕೊನೆಯ ವಾರ ಬಂತು. ರೋಹಿಣಿ ಮಳೆಯ ದಾರಿ ನೋಡುತ್ತಿದ್ದೇವೆ, ಬಿಸಿಲು ಮಾತ್ರ ಇನ್ನೂ ಇಳಿದಿಲ್ಲ. ಅಜ್ಜಿಯ ಊರಿಗೆ ಹೋದ ಮಕ್ಕಳು ಒಬ್ಬೊಬ್ಬರಾಗಿ ಮರಳುತ್ತಿದ್ದಾರೆ. ಮನೆಯಲ್ಲಿ ಹೊಸ ಪುಸ್ತಕಕ್ಕೆ ಕವರ್ ಹಾಕುವ, ಹಳೆಯ ಚೀಲದ ಜಿಪ್ಪು ಹೊಲಿಸುವ ಕೆಲಸ ಶುರುವಾಗಿರಬಹುದು. ಈ ಹತ್ತು ಹದಿನೈದು ದಿನಗಳಲ್ಲಿ ನಮ್ಮ ವಾರ್ಡಿಗೆ ಬರುವ ಮಕ್ಕಳಲ್ಲಿ ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ. ಅದಕ್ಕಾಗಿಯೇ ಇಂದು ನಿಮ್ಮನ್ನು ಕೂಡಿಸಿದ್ದೇನೆ.

ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಅಜ್ಜನಿಗೆ ಬರುವ ಸಕ್ಕರೆ ಕಾಯಿಲೆಯಂಥದಲ್ಲ. ಹೊಟ್ಟೆಯೊಳಗೆ ಮೇದೋಜೀರಕ ಗ್ರಂಥಿ ಇದೆ. ಅದರಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ದೇಹದ ರಕ್ಷಣಾ ಶಕ್ತಿಯೇ ತಪ್ಪಾಗಿ ನಾಶ ಮಾಡುತ್ತದೆ. ಮಗು ಸಿಹಿ ತಿಂದದ್ದಕ್ಕೆ ಇದು ಬರುವುದಿಲ್ಲ, ತಾಯಿ ಬಸುರಿಯಲ್ಲಿ ಏನೋ ಮಾಡಿದ್ದಕ್ಕೂ ಬರುವುದಿಲ್ಲ. ಈ ಮಕ್ಕಳಿಗೆ ಇನ್ಸುಲಿನ್ ಎಂದರೆ ಅನ್ನ ನೀರಿನ ಹಾಗೆ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಮೊಟ್ಟಮೊದಲು ಇನ್ಸುಲಿನ್ ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನ ವಯಸ್ಸು 14. ನಿಮ್ಮ ಹಾಗೆಯೇ ಶಾಲೆಗೆ ಹೋಗುವ ವಯಸ್ಸು. ಅಲ್ಲಿಯವರೆಗೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಆ ಹುಡುಗ ಮುಂದೆ ಹದಿಮೂರು ವರ್ಷ ಬದುಕಿದ.

ಕಳೆದ ವರ್ಷ ಮೇ ತಿಂಗಳಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಂಬತ್ತನೇ ತರಗತಿ ಮುಗಿಸಿದ ಒಬ್ಬ ಹುಡುಗಿ. ಕಾಯಿಲೆ ಗೊತ್ತಾಗಿ ನಾಲ್ಕು ತಿಂಗಳಾಗಿತ್ತು. ತಾಯಿ ಜಾಣೆ, ಸೂಜಿ ಹಾಕುವುದನ್ನು ಎರಡೇ ದಿನದಲ್ಲಿ ಕಲಿತಿದ್ದರು. ಸೋದರಮಾವನ ಮದುವೆಗೆಂದು ಟೆಂಪೋದಲ್ಲಿ ಹೊರಟರು. ಇನ್ಸುಲಿನ್ ಬಾಟಲಿ ಇದ್ದ ಚೀಲ ಟೆಂಪೋದ ಮೇಲೆ, ಹಾಸಿಗೆ ಗಂಟುಗಳ ಜೊತೆ. ನಾಲ್ಕು ತಾಸಿನ ಬಿಸಿಲು. ಊರು ಮುಟ್ಟಿದ ಮೇಲೂ ಮೂರು ದಿನ ಅದೇ ಬಾಟಲಿಯಿಂದ ತಪ್ಪದೆ ಸೂಜಿ ಹಾಕಿದರು. ಹುಡುಗಿಗೆ ದಾಹ ಹೆಚ್ಚಿತು, ರಾತ್ರಿಯೆಲ್ಲ ಮೂತ್ರಕ್ಕೆ ಎದ್ದಳು, ಹೊಟ್ಟೆನೋವು ಎಂದಳು, ವಾಂತಿ ಮಾಡಿದಳು. ಹಿರಿಯರು ಉಷ್ಣವಾಗಿದೆ ಎಂದರು. ಊಟ ಬಿಟ್ಟಳೆಂದು ನಾಲ್ಕನೆಯ ದಿನ ಸೂಜಿಯನ್ನೂ ಬಿಟ್ಟರು. ರಾತ್ರಿ ಹನ್ನೊಂದಕ್ಕೆ ನಮ್ಮಲ್ಲಿಗೆ ತಂದಾಗ ಉಸಿರು ಆಳವಾಗಿ, ಜೋರಾಗಿ ನಡೆಯುತ್ತಿತ್ತು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಸಕ್ಕರೆ ನೋಡುವ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ, 'ಹೈ' ಎಂದಷ್ಟೇ ತೋರಿಸಿತು.

"ಅಕ್ಕಾರ, ಕೂಸು ಏನೂ ತಿಂದಿಲ್ರಿ, ಅದಕ್ಕ ಇವತ್ತ ಸೂಜಿ ಹಾಕಿಲ್ರಿ" ಎಂದರು ತಾಯಿ. ಅವರದೇನೂ ತಪ್ಪಿರಲಿಲ್ಲ. ಹಿಂದೆ ಡಿಸ್ಚಾರ್ಜ್ ಮಾಡುವ ದಿನ ಅವರಿಗೆ ಬುದ್ಧಿ ಹೇಳಿದವಳು ನಾನೇ. "ಬಾಟಲಿ ಫ್ರಿಜ್ಜಿನಾಗ ಇಡ್ರಿ" ಎಂದಿದ್ದೆ. ನಿಮ್ಮ ಮನೆಯಲ್ಲಿ ಫ್ರಿಜ್ಜು ಇದೆಯೇ ಎಂದು ಕೇಳಿರಲಿಲ್ಲ. ಪ್ರಯಾಣದ ಮಾತಂತೂ ಬಂದಿರಲೇ ಇಲ್ಲ. ಮೂರು ದಿನ ತೀವ್ರ ನಿಗಾ ಘಟಕದಲ್ಲಿದ್ದು ಹುಡುಗಿ ಉಳಿದುಕೊಂಡಳು. ಅಂದಿನಿಂದ ಫ್ರಿಜ್ಜಿನ ಮಾತು ತೆಗೆಯುವ ಮುಂಚೆ ಮನೆಯ ಮಾತು ಕೇಳುತ್ತೇನೆ.

ಆದ್ದರಿಂದ ಮೊದಲು ಬಾಟಲಿಯ ವಿಷಯ. ಒಡೆಯದ ಹೊಸ ಬಾಟಲಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬಳಸುತ್ತಿರುವ ಬಾಟಲಿ 25-30 ಡಿಗ್ರಿಯೊಳಗಿದ್ದರೆ ಹೊರಗೆ ಸುಮಾರು ನಾಲ್ಕು ವಾರ ಬಾಳುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ 40 ದಾಟುತ್ತದೆ, ತಗಡಿನ ಮನೆಯೊಳಗೆ ಅದಕ್ಕೂ ಹೆಚ್ಚು. ಫ್ರಿಜ್ಜು ಇದ್ದವರು ಬಾಟಲಿಯನ್ನು ಬಾಗಿಲ ಕಡೆ ಇಡಿ. ಮೇಲಿನ ಮಂಜಿನ ಪೆಟ್ಟಿಗೆಯಲ್ಲಿ ಬೇಡ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಫ್ರಿಜ್ಜು ಇಲ್ಲದವರು ಎರಡು ಮಣ್ಣಿನ ಮಡಕೆ ತನ್ನಿ. ಬಣ್ಣ, ಎಣ್ಣೆ ಬಳಿಯದ ಮಡಕೆ ಆಗಬೇಕು. ದೊಡ್ಡದರೊಳಗೆ ಚಿಕ್ಕದನ್ನು ಇಟ್ಟು ನಡುವೆ ಮರಳು ತುಂಬಿ ನೀರು ಹಾಕಿ. ಬಾಟಲಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಚಿಕ್ಕ ಮಡಕೆಯೊಳಗೆ ಇಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ನೆರಳಿರಬೇಕು, ಗಾಳಿ ಆಡಬೇಕು. ಮರಳು ಒಣಗದಂತೆ ಬೆಳಿಗ್ಗೆ ಸಂಜೆ ನೀರು ಹಾಕಬೇಕು. ಕುಡಿಯುವ ನೀರಿನ ಮಡಕೆ ತಂಪಾಗುವುದೂ ಹೀಗೆಯೇ, ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಫ್ರಿಜ್ಜಿನಷ್ಟು ತಂಪು ಬರುವುದಿಲ್ಲ, ಆದರೆ ನಮ್ಮ ಒಣ ಬಿಸಿಲಿಗೆ ಬಳಸುವ ಬಾಟಲಿ ಕಾಯಲು ಸಾಕು. ಮಳೆ ಹಿಡಿದು ಗಾಳಿಯಲ್ಲಿ ತೇವ ಹೆಚ್ಚಾದಾಗ ತಂಪು ಕಡಿಮೆಯಾಗುತ್ತದೆ, ಆಗ ಹೊರಗೂ ಅಷ್ಟು ಬಿಸಿ ಇರುವುದಿಲ್ಲ. ಪ್ರಯಾಣದಲ್ಲಿ ಬಾಟಲಿ ನಿಮ್ಮ ಮಡಿಲಲ್ಲಿರಲಿ. ಬಿಸಿಲಿಗೆ ಕೆಟ್ಟ ಇನ್ಸುಲಿನ್ ನೋಡಲು ಒಳ್ಳೆಯದರಂತೆಯೇ ಇರಬಹುದು, ಬಣ್ಣ ನೋಡಿ ನಂಬಬೇಡಿ. ಸೂಜಿ ಹಾಕಿದರೂ ಸಕ್ಕರೆ ಏರುತ್ತಲೇ ಇದ್ದರೆ ಬಾಟಲಿಯನ್ನು ಅನುಮಾನಿಸಿ.

ಇನ್ನು ಮಕ್ಕಳೇ, ನಿಮ್ಮ ದಿನದ ವಿಷಯ. ರಜೆಯಲ್ಲಿ ಎಷ್ಟು ಹೊತ್ತಿಗೆ ಏಳುತ್ತೀರಿ? ಎಂಟು ಎಂದಿರಿ, ನಿಮ್ಮ ತಾಯಿ ಒಂಬತ್ತು ಎಂದು ಬೆರಳು ತೋರಿಸುತ್ತಿದ್ದಾರೆ. ದಿನಕ್ಕೆ ಎರಡು ಹೊತ್ತು ಬೆರಕೆ ಇನ್ಸುಲಿನ್ ಹಾಕಿಕೊಳ್ಳುವವರಿಗೆ ಬೆಳಗಿನ ಸೂಜಿ ಒಂಬತ್ತಕ್ಕೆ ಹೋದರೆ ಮಧ್ಯಾಹ್ನದ ಊಟ, ರಾತ್ರಿಯ ಸೂಜಿ ಎಲ್ಲವೂ ಸರಿಯುತ್ತದೆ. ಶಾಲೆ ಶುರುವಾದ ದಿನ ಒಮ್ಮೆಗೇ ಏಳು ಗಂಟೆಗೆ ಸೂಜಿ ಹಾಕಿದರೆ ಹಿಂದಿನ ರಾತ್ರಿಯದು ಇನ್ನೂ ದೇಹದಲ್ಲಿರುತ್ತದೆ, ಪ್ರಾರ್ಥನೆಗೆ ನಿಂತಾಗ ತಲೆ ಸುತ್ತಬಹುದು. ಈಗಿನಿಂದಲೇ ದಿನಕ್ಕೆ ಹದಿನೈದು ನಿಮಿಷ, ಅರ್ಧ ತಾಸು ಮುಂಚೆ ಏಳುತ್ತ ಬನ್ನಿ. ಬೆಳ್ಳಗೆ ಮೋಡದಂತಿರುವ ಇನ್ಸುಲಿನ್ನನ್ನು ಅಂಗೈಗಳ ನಡುವೆ ಹೊರಳಿಸಿ, ಗಲಗಲ ಅಲ್ಲಾಡಿಸಬೇಡಿ. ಸಿರಿಂಜಿನ ಮುಚ್ಚಳದ ಬಣ್ಣವನ್ನೂ ನೋಡಿ. ಬಾಟಲಿಯ ಮೇಲೆ ಮಿ.ಲೀ.ಗೆ 40 ಯೂನಿಟ್ ಎಂದಿದ್ದರೆ ಕೆಂಪು ಮುಚ್ಚಳದ ಸಿರಿಂಜು, 100 ಎಂದಿದ್ದರೆ ಕಿತ್ತಳೆ ಮುಚ್ಚಳದ್ದು. ಅದಲು ಬದಲಾದರೆ ಒಮ್ಮೆ ಅರ್ಧಕ್ಕಿಂತ ಕಡಿಮೆ ಔಷಧಿ ಹೋಗುತ್ತದೆ, ಇನ್ನೊಮ್ಮೆ ಎರಡೂವರೆ ಪಟ್ಟು. ಎರಡನೆಯದು ಪ್ರಾಣಕ್ಕೆ ಅಪಾಯ.

ಮಾವಿನಹಣ್ಣು ತಿನ್ನಬಹುದೇ ಎಂದು ಹೋದ ವಾರ ಒಬ್ಬ ಹುಡುಗ ಅಳುಮೋರೆ ಮಾಡಿ ಕೇಳಿದ. ತಿನ್ನಬಹುದು. ಮಧ್ಯಮ ಗಾತ್ರದ ಅರ್ಧ ಹಣ್ಣಿನಲ್ಲಿ ಸುಮಾರು 15 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಅಷ್ಟನ್ನು ಊಟದ ಲೆಕ್ಕಕ್ಕೆ ಸೇರಿಸಿ, ರೊಟ್ಟಿ ಅಥವಾ ಅನ್ನದಲ್ಲಿ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಬೆಲ್ಲ ಹಾಕಿದ ಶೀಕರಣೆ ಬಟ್ಟಲುಗಟ್ಟಲೆ ಕುಡಿದರೆ ಲೆಕ್ಕ ತಪ್ಪುತ್ತದೆ. ಮದುವೆ ಊಟದಲ್ಲಿ ಹುಗ್ಗಿ ಬಡಿಸಿದರೆ ಒಂದು ಸೌಟು ಸಾಕು ಎನ್ನಿ. ಮನೆಯವರು ಮಗುವನ್ನು ಎಲ್ಲರ ಮುಂದೆ "ಅವನಿಗೆ ಸಕ್ಕರಿ ಐತಿ, ಹಾಕಬ್ಯಾಡ್ರಿ" ಎಂದು ಕೂಗಬೇಡಿ. ಕೂಗಿಸಿಕೊಂಡ ಮಗು ಆಮೇಲೆ ಕದ್ದು ತಿನ್ನುತ್ತದೆ, ಕದ್ದು ತಿಂದದ್ದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಈಜಲು ಹೋಗುವ ಮಕ್ಕಳು ಕೇಳಿ. ಈಜು, ಓಟ, ಕ್ರಿಕೆಟ್ಟು, ಎಲ್ಲವೂ ಸಕ್ಕರೆಯನ್ನು ಇಳಿಸುತ್ತವೆ. ಬಿಸಿಲಿನಲ್ಲಿ ಚರ್ಮದಡಿಯ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ಬಾವಿಯ ನಡುವೆ ಸಕ್ಕರೆ ಇಳಿದು ಕೈಕಾಲು ಸೋತರೆ ದಡದಲ್ಲಿರುವವರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಒಬ್ಬರೇ ಇಳಿಯಬೇಡಿ. ನಿಮ್ಮ ಕಾಯಿಲೆ ಗೊತ್ತಿರುವ, ಈಜು ಬಲ್ಲ ದೊಡ್ಡವರು ಜೊತೆಗಿರಬೇಕು. ಇಳಿಯುವ ಮುಂಚೆ ಏನಾದರೂ ತಿನ್ನಿ. ಕೈ ನಡುಗುವುದು, ಬೆವರು, ಹಸಿವು, ಕಣ್ಣು ಮಂಜಾಗುವುದು, ಸುಮ್ಮಸುಮ್ಮನೆ ಸಿಟ್ಟು ಬರುವುದು, ಇವು ಸಕ್ಕರೆ ಇಳಿದ ಲಕ್ಷಣಗಳು. 70ಕ್ಕಿಂತ ಕೆಳಗಿದ್ದರೆ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಯಂತ್ರ ಹತ್ತಿರ ಇಲ್ಲದಿದ್ದರೆ ನೋಡಲು ಓಡಬೇಡಿ, ಮೊದಲು ಸಕ್ಕರೆ ತಿನ್ನಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ದಿನವಿಡೀ ಆಡಿದ ರಾತ್ರಿ ನಿದ್ದೆಯಲ್ಲೂ ಸಕ್ಕರೆ ಇಳಿಯಬಹುದು, ಮಲಗುವ ಮುಂಚೆ ಒಮ್ಮೆ ನೋಡಿ.

ವಾಂತಿಯಾಗಲಿ, ಜ್ವರ ಬರಲಿ, ಊಟ ಸೇರದಿರಲಿ, ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸಬೇಡಿ. ಪ್ರಮಾಣ ಎಷ್ಟು ಎಂದು ನಮಗೆ ಫೋನು ಮಾಡಿ ಕೇಳಿ, ರಾತ್ರಿಯಾದರೂ ಸರಿ. ಮೂರು ನಾಲ್ಕು ತಾಸಿಗೊಮ್ಮೆ ಸಕ್ಕರೆ ನೋಡಿ, ನೀರು ಕುಡಿಸುತ್ತಿರಿ. ವಾಂತಿ ನಿಲ್ಲದಿದ್ದರೆ, ಉಸಿರು ಜೋರಾದರೆ ಕಾಯದೆ ಕರೆತನ್ನಿ. ಹಾಗಲಕಾಯಿ ರಸ ಕುಡಿಸಿ ಸೂಜಿ ಬಿಡಿಸುತ್ತೇನೆ ಎನ್ನುವವರು ರಜೆಯಲ್ಲಿ ಊರೂರಿಗೂ ಸಿಗುತ್ತಾರೆ. ರಸ ಕುಡಿಯುವುದು ನಿಮ್ಮ ಇಷ್ಟ, ಸೂಜಿ ಬಿಡುವ ಮಾತಿಗೆ ಮಾತ್ರ ಕಿವಿಗೊಡಬೇಡಿ.

ಕಾಯಿಲೆ ಇಲ್ಲದ ಮಕ್ಕಳ ತಾಯಂದಿರಿಗೂ ಒಂದು ಮಾತು. ಬೇಸಿಗೆಯಲ್ಲಿ ಎಲ್ಲರಿಗೂ ದಾಹ. ಆದರೆ ಬಿಸಿಲಿನ ದಾಹಕ್ಕೆ ಮೂತ್ರ ಕಡಿಮೆಯಾಗುತ್ತದೆ. ಮಗು ಕೊಡಗಟ್ಟಲೆ ನೀರು ಕುಡಿದು ಪದೇಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ, ತಿಂದರೂ ಸೊರಗಿದರೆ, ಅಂದೇ ಸಕ್ಕರೆ ಪರೀಕ್ಷೆ ಮಾಡಿಸಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು.

ಶಾಲೆಯ ವಿಷಯಕ್ಕೆ ಬರುತ್ತೇನೆ. ತೆರೆದ ಮೊದಲ ದಿನವೇ ತರಗತಿಯ ಗುರುಗಳನ್ನು ಕಂಡು ವೈದ್ಯರ ಪತ್ರ ಕೊಡಿ. ಪಾಠದ ನಡುವೆ ತಿನ್ನಲು, ಮೂತ್ರಕ್ಕೆ ಹೋಗಲು ಅನುಮತಿ ಬೇಕು. ಇಂಥ ಮಕ್ಕಳಿಗೆ ಶಾಲೆಯಲ್ಲಿ ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿನ್ನಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ನೀವು ಕೇಳುತ್ತಿರುವುದು ಉಪಕಾರವಲ್ಲ ಎಂಬ ಧೈರ್ಯಕ್ಕೆ ಇದನ್ನು ಹೇಳಿದೆ. ಬಿಸಿಯೂಟ ಎಷ್ಟು ಹೊತ್ತಿಗೆ ಎಂದು ಕೇಳಿ ತಿಳಿದು ನಮಗೆ ಹೇಳಿದರೆ ಸೂಜಿಯ ಹೊತ್ತು ಕೂಡಿಸಿ ಕೊಡುತ್ತೇವೆ. ಪಕ್ಕದಲ್ಲಿ ಕೂರುವ ಒಬ್ಬ ಗೆಳೆಯನಿಗೋ ಗೆಳತಿಗೋ ವಿಷಯ ಗೊತ್ತಿರಲಿ. ಕಂಪಾಸ್ ಪೆಟ್ಟಿಗೆಯಲ್ಲಿ ಸಕ್ಕರೆಯ ಪೊಟ್ಟಣ ಇರಲಿ. ಆ ಮದುವೆಯ ಹುಡುಗಿ ಹತ್ತನೇ ತರಗತಿಯ ಪರೀಕ್ಷೆಯಲ್ಲೂ ಪೊಟ್ಟಣ ಇಟ್ಟುಕೊಂಡು ಬರೆದಳು. ಗಣಿತದ ದಿನ ಅದು ಬೇಕಾಯಿತಂತೆ.

ಮಡಕೆಗಳನ್ನು ಇಲ್ಲಿ ಮೇಜಿನ ಮೇಲೆ ಕಟ್ಟಿ ಇಟ್ಟಿದ್ದೇನೆ. ಎದ್ದು ಬಂದು ಒಳಗೆ ಕೈ ಇಟ್ಟು ನೋಡಿ. ಸಿರಿಂಜು ತಂದವರು ಮುಚ್ಚಳದ ಬಣ್ಣ ತೋರಿಸಿ ಹೋಗಿ.