ಬೆಣ್ಣೆಗೆ ಬದಲು: ಬೀಜದೊಳಗಿನ ತುಪ್ಪ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಪೇಟೆಯ ಬೇಕರಿಗಳಲ್ಲಿ ದೊರೆಯುವ ಬೆಣ್ಣೆ ಬಿಸ್ಕತ್ತಿನಲ್ಲಿ ಬೆಣ್ಣೆಯಿರುವುದು ಅನೇಕ ವೇಳೆ ಹೆಸರಿನಲ್ಲಿ ಮಾತ್ರ. ಒಳಗಿರುವುದು ವನಸ್ಪತಿ ಇಲ್ಲವೇ ಮಾರ್ಗರೀನ್. ಅವುಗಳ ಮೂಲವನ್ನು ಅರಸುತ್ತ ಹೋದರೆ ಬಹುಮಟ್ಟಿಗೆ ಪಾಮ್ ಎಣ್ಣೆಗೆ, ಅಲ್ಲಿಂದ ಇಂಡೊನೇಷ್ಯಾ ಮತ್ತು ಮಲೇಷ್ಯಾಗಳ ತೋಟಗಳಿಗೆ ತಲುಪಬೇಕಾಗುತ್ತದೆ. ಜಗತ್ತಿನ ಪಾಮ್ ಎಣ್ಣೆಯಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ಈ ಎರಡು ದೇಶಗಳದು. ಆ ತೋಟಗಳಿಗಾಗಿ ಅಲ್ಲಿನ ಮಳೆಕಾಡು ವಿಶಾಲ ಪ್ರಮಾಣದಲ್ಲಿ ನೆಲಕ್ಕುರುಳಿದೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯಾ ತನ್ನ ರಫ್ತನ್ನು ಮೂರು ವಾರಗಳಿಗೂ ಮಿಕ್ಕಿ ತಡೆಹಿಡಿದಾಗ ಭಾರತದ ಎಣ್ಣೆ ಮಾರುಕಟ್ಟೆ ತಲ್ಲಣಿಸಿತು. ಇಷ್ಟು ದೂರದ ಕಾಡನ್ನು ಕಳೆದು ಬಂದ ಕೊಬ್ಬು ಮಲೆನಾಡಿನ ಅಡುಗೆಮನೆಯನ್ನು ಸೇರುತ್ತಿರುವಾಗ, ಅದೇ ಮನೆಯ ಹಿತ್ತಿಲಿನಲ್ಲಿ ಮುರುಗಲಿನ ಬೀಜ ಕಸದ ಗುಂಡಿಗೆ ಬೀಳುತ್ತಿದೆ. ಆ ಬೀಜದೊಳಗೆ ತುಪ್ಪದಂತೆ ಹೆಪ್ಪುಗಟ್ಟುವ ಕೊಬ್ಬಿದೆ. ಅದರಿಂದ ಬೆಣ್ಣೆಯ ಕೆಲಸವನ್ನು ಮಾಡಿಸಿಕೊಳ್ಳುವ ಬಗೆ ಹೇಗೆ, ಹಾಗೆ ಮಾಡುವಾಗ ಕಾಡಿಗೆ ಕೇಡಾಗದಂತೆ ನೋಡಿಕೊಳ್ಳುವ ಬಗೆ ಹೇಗೆ ಎಂಬುದೇ ಇಂದಿನ ವಿಷಯ.

ಬೆಣ್ಣೆಗೆ ಬದಲಿಯನ್ನು ಹುಡುಕುವ ಯತ್ನ ಹೊಸತಲ್ಲ. 1869ರಲ್ಲಿ ಫ್ರಾನ್ಸಿನ ಮೆಜ್-ಮೂರಿಯೆ ಎಂಬಾತ ರೂಪಿಸಿದ ಮೊದಲ ಮಾರ್ಗರೀನ್ ಸಸ್ಯಜನ್ಯವೇ ಆಗಿರಲಿಲ್ಲ. ಅದು ದನದ ಕೊಬ್ಬಿನಿಂದ ತಯಾರಾದದ್ದು. 1902ರಲ್ಲಿ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್, ದ್ರವರೂಪದ ಎಣ್ಣೆಗೆ ಜಲಜನಕವನ್ನು ಸೇರಿಸಿ ಗಟ್ಟಿಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದನು. ಆ ವಿಧಾನದ ಕೂಸಾದ ಡಾಲ್ಡಾ 1937ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಆದರೆ ಎಣ್ಣೆಯನ್ನು ಹೀಗೆ ಅರೆಬರೆ ಗಟ್ಟಿಗೊಳಿಸುವಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. ಈ ಕಾರಣದಿಂದ ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ-ಕೊಬ್ಬುಗಳಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಕೂಡದೆಂಬ ನಿಯಮ ಜಾರಿಯಲ್ಲಿದೆ.

ಕಾರ್ಖಾನೆಯಲ್ಲಿ ಜಲಜನಕವನ್ನು ಹಾಯಿಸಿ ಮಾಡುವ ಕೆಲಸವನ್ನು ಕೆಲವು ಮರಗಳು ತಮ್ಮ ಬೀಜದಲ್ಲಿ ತಾವೇ ಮಾಡಿಟ್ಟಿವೆ. ಕರಾವಳಿಯವರು ಪುನರ್ಪುಳಿ ಎನ್ನುವ ಮುರುಗಲಿನ ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬು. ಉಪ್ಪಾಗೆಯ ಬೀಜದಲ್ಲಿ ಅದಕ್ಕಿಂತಲೂ ತುಸು ಹೆಚ್ಚು. ಇವೆರಡರಲ್ಲಿಯೂ ಸ್ಟಿಯರಿಕ್ ಮತ್ತು ಓಲಿಯಿಕ್ ಎಂಬ ಎರಡು ಆಮ್ಲಗಳೇ ಪ್ರಧಾನ. ಸ್ಟಿಯರಿಕ್ ಹೇರಳವಾಗಿರುವುದರಿಂದ ಈ ಕೊಬ್ಬು ತಾನಾಗಿಯೇ ಗಟ್ಟಿ. ಟ್ರಾನ್ಸ್ ಕೊಬ್ಬಿನ ಕಾಟವಿಲ್ಲ. ಶಿರಸಿ, ಸಿದ್ದಾಪುರ ಸೀಮೆಯ ಹಳ್ಳಿಗಳಿಗೆ ಉಪ್ಪಾಗೆ ತುಪ್ಪ ಅಪರಿಚಿತವಲ್ಲ. ಮುರುಗಲ ತುಪ್ಪವನ್ನು ಬಿರಿದ ಹಿಮ್ಮಡಿಗೆ ಸವರುವುದನ್ನು ಅಜ್ಜಿಯರು ಬಲ್ಲರು. ಹಿಮ್ಮಡಿಗೆ ಸವರುವ ಇದೇ ಕೊಬ್ಬನ್ನು ಚಾಕೊಲೇಟಿನಲ್ಲಿ ಶೇಕಡಾ 5ರ ಮಿತಿಯೊಳಗೆ ಬಳಸಲು ಯುರೋಪಿನ ಒಕ್ಕೂಟ 2000ದಲ್ಲಿಯೇ ಒಪ್ಪಿಗೆಯಿತ್ತ ಆರು ಸಸ್ಯಕೊಬ್ಬುಗಳಲ್ಲಿ ಸೇರಿಸಿದೆ.

ಇನ್ನು ಅಡುಗೆಯ ಮಾತು. ತಿನಿಸಿನಲ್ಲಿ ಬೆಣ್ಣೆ ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು, ಹಿಟ್ಟಿನ ಕಣಗಳಿಗೆ ಲೇಪವಾಗಿ ನೀರು ತಾಗದಂತೆ ತಡೆಯುವುದು. ಇದರಿಂದ ಮೈದಾ, ಗೋಧಿಗಳಲ್ಲಿ ಜಿಗುಟು ಬೆಳೆಯದೆ ಬಿಸ್ಕತ್ತು ಹುಡಿಯಾಗುತ್ತದೆ. ಚಕ್ಕುಲಿಯ ಅಕ್ಕಿಹಿಟ್ಟಿಗೆ ಬೆಣ್ಣೆ ತಿಕ್ಕುವುದೂ ತಿನಿಸು ಕಲ್ಲಾಗದೆ ಗರಿಯಾಗಲೆಂದೇ. ಎರಡನೆಯದು, ಸಕ್ಕರೆಯೊಡನೆ ಕಡೆದಾಗ ಗಾಳಿಯನ್ನು ಹಿಡಿದಿಟ್ಟು ಕೇಕನ್ನು ಉಬ್ಬಿಸುವುದು. ಮೂರನೆಯದು, ಹಾಲಿನ ಅಂಶದಿಂದ ಬರುವ ಪರಿಮಳ ಮತ್ತು ಕೆಂಬಣ್ಣ. ಮೊದಲ ಎರಡು ಕೆಲಸಗಳನ್ನು ಸಸ್ಯದ ಕೊಬ್ಬು ಮಾಡಬಲ್ಲದು, ಮೂರನೆಯದನ್ನು ಮಾಡಲಾರದು. ಹೋಳಿಗೆಯ ಮೇಲೆ ಸುರಿಯುವ ತುಪ್ಪಕ್ಕೆ ಬದಲಿಲ್ಲ. ಹಿಟ್ಟಿನೊಳಗೆ ಅಡಗಿ ದುಡಿಯುವ ಕೊಬ್ಬಿಗೆ ಬದಲುಂಟು.

ಹಾಗೆಂದು ಮುರುಗಲ ತುಪ್ಪವೊಂದನ್ನೇ ಹಿಟ್ಟಿಗೆ ಸೇರಿಸಿದರೆ ಕೆಲಸ ಕೆಡುತ್ತದೆ. ಅದು ಕರಗುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಬಾಯಿಯ ಶಾಖ 37. ಆದುದರಿಂದ ತಿನ್ನುವಾಗ ಅಂಗುಳಿಗೆ ಮೇಣದಂತೆ ಅಂಟಿಕೊಳ್ಳುತ್ತದೆ. ಇತ್ತ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ. ಮಾಗಿಯ ಬೆಳಗಿನಲ್ಲಿ ಬೆಣ್ಣೆಯಂತಿದ್ದು ವೈಶಾಖದಲ್ಲಿ ನೀರಾಗುತ್ತದೆ. ಒಂದು ಅತಿ ಗಟ್ಟಿ, ಇನ್ನೊಂದು ಅತಿ ಮೆದು. ಎರಡನ್ನೂ ಬೆರೆಸಿದಲ್ಲಿ ಹದ ದೊರೆಯುತ್ತದೆ. ಮುರುಗಲ ತುಪ್ಪವನ್ನು ಪೂರ್ತಿ ಕರಗಿಸಿ, ತೆಂಗಿನೆಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಒಂದು ಚಮಚವನ್ನು ತಣಿಸಿ ಬೆರಳಿನಿಂದ ಒತ್ತಿದಾಗ ಒಡೆಯದೆ ತಗ್ಗು ಬಿದ್ದರೆ ಹದ ಬಂದಿತೆಂದು ತಿಳಿಯಬೇಕು. ಬಳಿಕ ತಣ್ಣೀರಿನಲ್ಲಿ ಪಾತ್ರೆಯಿಟ್ಟು ಕೈಬಿಡದೆ ಕದಡಬೇಕು. ನಿಧಾನವಾಗಿ ಆರಿದರೆ ಹರಳುಗಟ್ಟುತ್ತದೆ. ಬೇಸಿಗೆಗೂ ಚಳಿಗಾಲಕ್ಕೂ ಪ್ರಮಾಣ ಒಂದೇ ಆಗಿರದು. ವಿದ್ಯಾರ್ಥಿಗಳು ಉಷ್ಣಮಾಪಕವನ್ನಿಟ್ಟುಕೊಂಡು ತಿಂಗಳು ತಿಂಗಳಿನ ಹದವನ್ನು ಬರೆದಿಡಬಹುದು.

ಅಳತೆಯಲ್ಲಿ ಇನ್ನೊಂದು ಸೂಕ್ಷ್ಮವುಂಟು. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಶೇಕಡಾ 80ರಷ್ಟು. ಉಳಿದುದರಲ್ಲಿ ಹೆಚ್ಚಿನದು ನೀರು. ಬೀಜದ ತುಪ್ಪವಾದರೋ ಪೂರ್ತಿ ಕೊಬ್ಬು. ಆದ್ದರಿಂದ 100 ಗ್ರಾಂ ಬೆಣ್ಣೆ ಬೇಕಾದಲ್ಲಿ 80 ಗ್ರಾಂ ಮಿಶ್ರಣ ಹಾಗೂ ಒಂದು ದೊಡ್ಡ ಚಮಚ ನೀರು ಅಥವಾ ತೆಂಗಿನ ಹಾಲು ಸಾಕು. ತೂಕಕ್ಕೆ ತೂಕ ಹಾಕಿದರೆ ತಿನಿಸು ಜಿಡ್ಡಾಗುತ್ತದೆ. ಸಸ್ಯದ್ದೆಂಬ ಕಾರಣಕ್ಕೆ ಕೈಬಿಟ್ಟು ಬಳಸುವುದೂ ಸಲ್ಲದು. ಯಾವ ಕೊಬ್ಬಾದರೂ ಗ್ರಾಮಿಗೆ 9 ಕ್ಯಾಲೊರಿಯೇ.

ತುಪ್ಪ ತೆಗೆಯುವ ಕ್ರಮ ಸರಳ. ಬೀಜವನ್ನು ತೊಳೆದು ಚೆನ್ನಾಗಿ ಒಣಗಿಸಿ, ಸಿಪ್ಪೆ ಬಿಡಿಸಿ, ಕುಟ್ಟಿ ನುಣ್ಣಗೆ ಮಾಡಿ ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ತಣಿದ ಮೇಲೆ ಹೆಪ್ಪನ್ನು ಎತ್ತಿ, ಮರಳಿ ಕಾಯಿಸಿ, ನೀರಿನ ಪಸೆ ಆರುವವರೆಗೆ ಬಿಟ್ಟು ಸೋಸಬೇಕು. ಪಸೆ ಉಳಿದರೆ ಬೇಗ ಕಮಟುತ್ತದೆ. ಬೂಸಲು ಹಿಡಿದ ಬೀಜವನ್ನು ಮಾತ್ರ ಯಾವ ಕಾರಣಕ್ಕೂ ಬಳಸಬಾರದು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅಪಾಯ ಉಳಿಯುತ್ತದೆ. 1990ರ ದಶಕದಲ್ಲಿ ಉಪ್ಪಾಗೆಯ ಸಿಪ್ಪೆಯಲ್ಲಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಮೈಕರಗಿಸುವ ಮಾತ್ರೆಗಳಿಗಾಗಿ ಬೇಡಿಕೆ ಪಡೆದಾಗ ಉತ್ತರ ಕನ್ನಡದ ಕಾಡಿನಲ್ಲಿ ಆದುದೇನು? ಬೆಲೆ ಏರಿತು. ತಾನು ಕೊಯ್ಯದಿದ್ದರೆ ಇನ್ನೊಬ್ಬ ಕೊಯ್ದಾನೆಂಬ ಆತುರದಲ್ಲಿ ಎಳೆಗಾಯಿಗಳು ಉದುರಿದವು, ಕೊಂಬೆಗಳು ಮುರಿದವು. ಮಳೆಗಾಲದ ಬೆಳೆಯಾದ್ದರಿಂದ ಸಿಪ್ಪೆಯನ್ನು ಒಣಗಿಸಲು ಕಾಡಿನ ಸೌದೆಯೇ ಉರಿಯಿತು. ಮುಂದೆ ಬೆಲೆ ಕುಸಿಯಿತು. ಬೀಜದ ತುಪ್ಪಕ್ಕೂ ದೂರದ ಕಾರ್ಖಾನೆಯ ಕಣ್ಣು ಬಿದ್ದರೆ ಅದೇ ಕಥೆ ಮರುಕಳಿಸಬಹುದು.

ಆದರೆ ಸಿಪ್ಪೆಗೂ ತುಪ್ಪಕ್ಕೂ ಒಂದು ಅಂತರವಿದೆ. ಎಳೆಗಾಯಿಯ ಸಿಪ್ಪೆಯನ್ನು ಹೇಗೋ ಮಾರಬಹುದು. ಎಳೆಗಾಯಿಯ ಬೀಜದಿಂದ ತುಪ್ಪ ಬಾರದು. ತುಪ್ಪ ಬೇಕೆನ್ನುವವರು ಹಣ್ಣಾಗುವವರೆಗೆ ಕಾಯಲೇಬೇಕು. ಮಾಗಿದ ಹಣ್ಣಿನ ಬೀಜವೇ ಸಸಿಯಾಗಬಲ್ಲದು, ಆ ಹಣ್ಣೇ ಕಾಡುಪ್ರಾಣಿಗಳ ಆಹಾರವೂ ಹೌದು. 2011ರಲ್ಲಿ ಸಂರಕ್ಷಣಾ ಮೀಸಲೆಂದು ಘೋಷಿತವಾದ ಅಘನಾಶಿನಿ ಕಣಿವೆಯ ಸಿಂಗಳೀಕಗಳು ಉಪ್ಪಾಗೆಯನ್ನು ನೆಚ್ಚಿಕೊಂಡಿವೆ. ಹೀಗೆ ಅಡುಗೆಮನೆಯ ಹಿತ ಮತ್ತು ಕಾಡಿನ ಹಿತ ಒಂದೇ ದಿನಕ್ಕಾಗಿ ಕಾಯುತ್ತವೆ.

ಒಬ್ಬರೇ ಕಾದರೆ ಫಲವಿಲ್ಲ, ಊರೇ ಕಾಯಬೇಕು. ಕೊಯ್ಲಿನ ಆರಂಭದ ದಿನವನ್ನು ಗ್ರಾಮ ಅರಣ್ಯ ಸಮಿತಿ ನಿಗದಿಪಡಿಸಬೇಕು. ಪ್ರತಿ ಮರದ ಬುಡದಲ್ಲಿ ಒಂದಿಷ್ಟು ಹಣ್ಣು ಬಿಡಬೇಕು. ಕಾಯಿ ಬಿಡದ ಗಂಡು ಮರವನ್ನು ಬಂಜೆಯೆಂದು ಕಡಿಯಬಾರದು. ಅದರ ಪರಾಗವಿಲ್ಲದೆ ಹೆಣ್ಣು ಮರ ಫಲಿಸದು. ಮೊದಲು ಹಿತ್ತಿಲಿನ ಮುರುಗಲಿನಿಂದ ಆರಂಭವಾಗಲಿ. ಅದು ಬೇಸಿಗೆಯ ಕೊನೆಯಲ್ಲಿ ಹಣ್ಣಾಗುವುದರಿಂದ ಬೇಗ ಕಿತ್ತ ಬೀಜ ಬಿಸಿಲಿನಲ್ಲಿಯೇ ಒಣಗುತ್ತದೆ. ಶರಬತ್ತಿಗೆ ಸಿಪ್ಪೆ ಹೋದ ಮೇಲೆ ಉಳಿಯುವ ಬೀಜಕ್ಕೆ ಬೇರೆ ಹಕ್ಕುದಾರರೂ ಇಲ್ಲ.

ಮಲೆನಾಡಿನ ಬೀಜಗಳು ದೇಶದ ಬೇಕರಿಗಳನ್ನೆಲ್ಲ ಸಾಕಲಾರವು, ಸಾಕಬೇಕಾಗಿಯೂ ಇಲ್ಲ. ಹಬ್ಬದ ಚಕ್ಕುಲಿಗೆ, ಮಕ್ಕಳ ಬಿಸ್ಕತ್ತಿಗೆ ಸಾಲುವಷ್ಟು ತುಪ್ಪ ಮನೆಯಲ್ಲಿಯೇ ಸಿದ್ಧವಾದರೆ ಅಷ್ಟರ ಮಟ್ಟಿಗೆ ಪೇಟೆಯ ಪೊಟ್ಟಣ ಬೇಡವಾಗುತ್ತದೆ. ಮನೆಗೆ ಸಾಲುವಷ್ಟನ್ನು ತಂದು, ಮರಕ್ಕೆ ಮತ್ತು ಮಂಗಕ್ಕೆ ಸಲ್ಲುವಷ್ಟನ್ನು ಬಿಟ್ಟುಬರುವ ಊರಿನಲ್ಲಿ ಮುಂದಿನ ವರ್ಷವೂ ಬೀಜವಿರುತ್ತದೆ.