ಕಸಬರಿಗಿ ಹಿಡಿದಾಕೆಯ ಹೆಸರು



ಇವತ್ತು ಒಂದು ಫೋಟೋದ ಮಾತು ಹೇಳ್ತೀನಿ. 1942ನೇ ಇಸವಿ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಸರ್ಕಾರಿ ಕಚೇರಿಯೊಂದರಲ್ಲಿ ಎಲಾ ವಾಟ್ಸನ್ ಎಂಬ ಕಪ್ಪು ಜನಾಂಗದ ತಾಯಿ ಕಸ ಹೊಡೆಯುತ್ತಿದ್ದರು. ಅದೇ ಜನಾಂಗದ ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್ ಅವರನ್ನು ಮಾತಾಡಿಸಿದರು. ಆ ದೇಶದ ಬಾವುಟದ ಮುಂದೆ, ಕೈಯಲ್ಲಿ ಕಸಬರಿಗೆ ಕೊಟ್ಟು ನಿಲ್ಲಿಸಿ ಫೋಟೋ ತೆಗೆದರು. ಬಾವುಟ ಎಲ್ಲರದು ಅಂತಾರ. ಅದರ ಕೆಳಗಿನ ಕಸ ಹೊಡಿಯೋಳು ಮಾತ್ರ ಯಾರ ಕಣ್ಣಿಗೂ ಬೀಳಂಗಿಲ್ಲ. ಫೋಟೋ ಹೇಳೋದು ಇದನ್ನೇ.

ಪಾರ್ಕ್ಸ್ ಅಷ್ಟಕ್ಕೇ ಬಿಡಲಿಲ್ಲ. ಆಕೆಯ ಮನೆಗೆ, ಚರ್ಚಿಗೆ ಹೋದರು. ಮೊಮ್ಮಕ್ಕಳ ಜೊತೆಗಿದ್ದ ಅಜ್ಜಿಯನ್ನೂ ತೋರಿಸಿದರು. ಆದರೆ ಸರ್ಕಾರಿ ದಾಖಲೆಯಲ್ಲಿ ಆ ಬಾವುಟದ ಚಿತ್ರಕ್ಕೆ ಬರೆದದ್ದು 'ಸರ್ಕಾರಿ ಕಸಗುಡಿಸುವ ಹೆಂಗಸು' ಅಂತ. ಕೆಲಸ ಇತ್ತು, ಹೆಸರಿರಲಿಲ್ಲ. 82 ವರ್ಷದ ಮೇಲೆ, 2024ರಲ್ಲಿ, ಮಿನಿಯಾಪೊಲಿಸ್ ಕಲಾ ಸಂಸ್ಥೆ ಈ ಚಿತ್ರಗಳ ಪ್ರದರ್ಶನ ಇಟ್ಟಿತು. ಅದರ ಶೀರ್ಷಿಕೆಯಲ್ಲೇ ಛಾಯಾಗ್ರಾಹಕರ ಹೆಸರಿನ ಪಕ್ಕ ಎಲಾ ವಾಟ್ಸನ್ ಹೆಸರೂ ಇತ್ತು.

ಈಗ ನಮ್ಮ ಸೋಲಾಪುರ ಸೀಮೆಗೆ ಬರೋಣ. ಮನ್ಯಾಗ ಕನ್ನಡ, ಕಚೇರ್ಯಾಗ ಮರಾಠಿ. ಎರಡೂ ಕಡೆ ಲೆಕ್ಕಕ್ಕ ಬರದಿದ್ದರ ಹ್ಯಾಂಗಿರತದ, ನಿಮಗ ಹೇಳಬೇಕಾಗಿಲ್ಲ. ಆದರೂ ಕೇಳ್ತೀನಿ: ನಿಮ್ಮ ಓಣಿಯ ಗಟಾರ ತೆಗೆಯೋರ ಹೆಸರು ನಿಮಗೆ ಗೊತ್ತೇನು?

ಹುಡುಗರೇ, ನಿಮ್ಮ ಕಿಸೆದಾಗ ಮೊಬೈಲ್ ಐತಿ. ಅವ್ವನ, ಆಯಿಯ, ಆ ಕೆಲಸದವರ ಫೋಟೋ ತೆಗೀರಿ. ಕೇಳಿ ತೆಗೀರಿ. ಕೆಳಗ ಪೂರ್ತಿ ಹೆಸರು ಬರೀರಿ. ಸಮಾಜ ಮಂದಿರದ ಗೋಡೆಗೆ ಹಾಕೋಣ. ನಮ್ಮ ಮಕ್ಕಳು ಓದ್ಲಿ.

ಜೈ ಭೀಮ್.