ಕೂಡಿಸುವ ಕ್ರಮ



ಕೌದಿಯ ಮೇಲುಹಾಸಿಗೆಂದು ಕತ್ತರಿಸಿದ 64 ಚೌಕಗಳು ಹೊಲಿಗೆ ಯಂತ್ರದ ಮುಂದೆ ಕೂತಿವೆ ಎಂದುಕೊಳ್ಳಿ. ಒಂದಕ್ಕೊಂದು, ಅದಕ್ಕೆ ಮತ್ತೊಂದು ಎಂದು ಹೊಲಿಯುತ್ತಾ ಹೋದರೆ ದಿನವೂ ಮುಗಿಯುತ್ತದೆ, ತಾಳ್ಮೆಯೂ ಮುಗಿಯುತ್ತದೆ. ಬಲ್ಲವರು ಎರಡೆರಡನ್ನು ಜೋಡಿ ಮಾಡಿ, ನಡುವೆ ದಾರ ಕತ್ತರಿಸದೆ, ಒಂದರ ಬೆನ್ನಿಗೊಂದು ಸೂಜಿಯಡಿ ಸರಿಸುತ್ತಾರೆ. ಮಾಲೆಯಂತೆ ಹೊರಬಂದ ಜೋಡಿಗಳು ನಾಲ್ಕಾಗಿ, ಎಂಟರ ಸಾಲಾಗುತ್ತವೆ.

ಗುಟ್ಟಿರುವುದು ಇಸ್ತ್ರಿಯಲ್ಲಿ. ಮೊದಲ ಸಾಲಿನ ಹೊಲಿಗೆಯಂಚುಗಳನ್ನು ಬಲಕ್ಕೆ ಮಡಿಸಿ ಒತ್ತಬೇಕು, ಮುಂದಿನ ಸಾಲಿನವನ್ನು ಎಡಕ್ಕೆ. ಸಾಲಿಗೆ ಸಾಲು ಸೇರಿಸುವಾಗ ಆ ಎರಡು ಉಬ್ಬುಗಳು ಒಂದಕ್ಕೊಂದು ಒತ್ತಿ ಕೂರುತ್ತವೆ. ಮೂಲೆಗೆ ಮೂಲೆ ಕೂಡಿದ್ದು ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ. ಎರಡೂ ಒಂದೇ ಕಡೆ ಬಾಗಿದ್ದರೆ ಅಲ್ಲಿ ಬರೀ ಗಂಟು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಸೀಮೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಅಂದರೆ ಕವಂದಿಗೆ, ದಾರಿಯೇ ಬೇರೆ. ಹಳೆ ಸೀರೆ ಹಾಸಿ, ಮೂಲೆಯಿಂದ ಶುರು ಮಾಡಿ, ಅಂಚಿನಗುಂಟ ಚಿಂದಿ ಇಟ್ಟು ಕೈಹೊಲಿಗೆ ಹಾಕುತ್ತಾ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಅಲ್ಲಿ ತೇಪೆ ಕೂಡಿಸುವುದೂ ಪದರ ಹೊಲಿಯುವುದೂ ಒಂದೇ ಕೆಲಸ. ಮೂಲೆಗಳಿಗೆ ಮಡಿಕೆ ಬಟ್ಟೆಯ ‘ಫೂಲ’ ಇಟ್ಟರಷ್ಟೇ ಅದು ಪೂರ್ತಿ.

ಯಂತ್ರವಿರಲಿ, ಕೈಯಿರಲಿ, ಕೆಲಸ ಹಗುರಾಗುವುದು ಅವಸರದಿಂದಲ್ಲ, ಕ್ರಮದಿಂದ. ಇನ್ನೊಂದು ಮಾತು: ಬಲಕ್ಕೆ ಬಾಗಿದ್ದೂ ಎಡಕ್ಕೆ ಬಾಗಿದ್ದೂ ಎದುರಾದಲ್ಲೇ ಹೊಲಿಗೆ ಸರಿಯಾಗಿ ಕೂಡುತ್ತದೆ. ಇವತ್ತು ಮನೆಯಲ್ಲಿ ಯಾರಾದರೂ ನಿಮಗೆ ಎದುರು ಮಾತಾಡಿದರೆ, ಈ ಕೌದಿಯನ್ನೊಮ್ಮೆ ನೆನೆಯಿರಿ.